ನೊರೆ ಏಳದ ದಿನಗಳು

ಶ್ರಾವಣಿ ಕಾಲೇಜು ಮುಗಿಸಿ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಗುರುತಿಲ್ಲದ ಗಂಡಸೊಬ್ಬ ಶರ್ಟಿನ ತೋಳು ಮಡಚಿಕೊಂಡು ಕುಡಿಯುವ ನೀರಿನ ಫಿಲ್ಟರನ್ನು ತೊಳೆಯುತ್ತಿದ್ದ. ಪಕ್ಕದಲ್ಲಿ ಅತ್ತೆ ನೀರಜಾಕ್ಷಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಬುಡದಲ್ಲಿ ಇನ್ನೂ ಕೆಂಪು ಉಂಟು. ಸರೀ ಉಜ್ಜಿ."

"ಉಜ್ಜಿದೆ ಅಮ್ಮ."

"ಎಂತ ಉಜ್ಜಿದ್ದು? ನನಗೆ ಇಲ್ಲಿಂದ ಕಾಣ್ತದೆ."

ಅವನು ತಲೆಯೆತ್ತಿ ಬಾಗಿಲಲ್ಲಿ ನಿಂತವಳನ್ನು ನೋಡಿದ. ಮುಖದಲ್ಲಿ ಸಿಕ್ಕಿಬಿದ್ದವನ ಕಳೆ. "ನಾನು ದೀಪೇಶ್. ನಿನ್ನೆ ಮೆಸೇಜ್ ಹಾಕಿದ್ರಲ್ಲ, ಸ್ಕಿಮ್ಮರಿನಲ್ಲಿ ನೊರೆ ಬರ್ತಾ ಇಲ್ಲ ಅಂತ."

"ಅದು ಟ್ಯಾಂಕಿನದ್ದು!"

"ಗೊತ್ತುಂಟು ಮೇಡಂ. ಫಿಲ್ಟರ್ ನೋಡ್ಲಿಕ್ಕೆ ಬಂದೆ ಅಂತ ಹೇಳಿದೆ. ಅಮ್ಮ ಸೀದಾ ಇಲ್ಲಿಗೆ ಕರ್ಕೊಂಡು ಬಂದ್ರು. ಅಲ್ಲ ಅಂತ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ."

"ಅಯ್ಯೋ, ಆ ಮೀನಿನದ್ದಾ?" ನೀರಜಾಕ್ಷಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ಮೊದಲೇ ಬಾಯಿ ಬಿಡ್ಬಾರ್ದಾ ಮಾರಾಯರೇ?"

"ಬಿಡ್ಲಿಕ್ಕೆ ನೀವು ಬಿಟ್ಟದ್ದೆಲ್ಲಿ ಅಮ್ಮ?"

ಶ್ರಾವಣಿ ನಕ್ಕುಬಿಟ್ಟಳು. ನಕ್ಕ ಸದ್ದು ಕಿವಿಗೆ ಬಿದ್ದದ್ದೇ ತಡ, ಬೇರೆ ಯಾರೋ ಮನೆಯೊಳಗೆ ನುಗ್ಗಿದಂತೆ ಬೆಚ್ಚಿದಳು. ಗಂಡ ಕಿಶೋರ ತೀರಿಹೋದ ಮೇಲೆ ಈ ಮನೆಯಲ್ಲಿ ಅವಳ ನಗು ಕೇಳಿದ್ದು ಅದೇ ಮೊದಲು. ಅತ್ತೆಯ ಮುಖ ನೋಡುವ ಧೈರ್ಯವಾಗದೆ, "ಟ್ಯಾಂಕ್ ಇಲ್ಲಿ," ಎಂದು ಹಾಲಿನ ಕಡೆ ನಡೆದಳು.

ಮಣ್ಣಗುಡ್ಡದ ಆ ಫ್ಲ್ಯಾಟಿನ ಹಾಲಿನಲ್ಲಿ, ಟಿವಿ ಇರಬೇಕಾದ ಜಾಗದಲ್ಲಿ, ಒಂದು ಸಮುದ್ರ ಇತ್ತು. ಮೀನು ಬೇಯದ ಮನೆ ಅದು. ಅತ್ತೆ, ಸೊಸೆ ಇಬ್ಬರ ತವರಿನವರೂ ದೇವಸ್ಥಾನದ ಅರ್ಚಕರು. ಅಂಥ ಮನೆಗೆ ಕಿಶೋರ ಉಪ್ಪುನೀರು, ಕಲ್ಲು, ಮೆತ್ತನೆಯ ಹವಳ, ಹತ್ತಿಪ್ಪತ್ತು ಮೀನು ತಂದು ತುಂಬಿದ್ದ. ಅವಕ್ಕೆ ತಿನ್ನಿಸುವ ಸಿಗಡಿಯನ್ನು ಅಡುಗೆಮನೆಯ ಫ್ರಿಜ್ಜಿಗೆ ತಾಗಿಸಕೂಡದೆಂದು ತಾಯಿ ಹಟ ಹಿಡಿದಾಗ, ಬಾಲ್ಕನಿಯಲ್ಲಿ ಮೀನುಗಳದ್ದೇ ಒಂದು ಪುಟ್ಟ ಫ್ರಿಜ್ ಇಟ್ಟಿದ್ದ. ಹೋದ ವರ್ಷ ಒಂದು ಮಧ್ಯಾಹ್ನ ಆಫೀಸಿನ ಮೆಟ್ಟಿಲಲ್ಲಿ ಕುಸಿದವನು ಮತ್ತೆ ಏಳಲಿಲ್ಲ. ಸಮುದ್ರ ಉಳಿಯಿತು, ಮೀನುಗಳಲ್ಲಿ ಎರಡು ಕೇಸರಿಯವು ಮಾತ್ರ ಉಳಿದವು.

ಅಂದಿನಿಂದ ಶ್ರಾವಣಿ ಅದನ್ನು ನೋಡಿಕೊಂಡಳು. ಪ್ರೀತಿಯಿಂದ ಎಂದರೆ ಸುಳ್ಳಾದೀತು. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಬಿ.ಎಸ್ಸಿ. ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದಳು, ಊಟ ಮಾಡುತ್ತಿದ್ದಳು, ಟ್ಯಾಂಕಿನ ಯಂತ್ರಗಳು ಹಗಲೂ ರಾತ್ರಿಯೂ ಓಡುವಂತೆ ಕಾಯುತ್ತಿದ್ದಳು. ಅಳು ಮಾತ್ರ ಬಂದಿರಲಿಲ್ಲ.

ದೀಪೇಶ್ ಟ್ಯಾಂಕಿನ ಕೆಳಗಿನ ಕಪಾಟು ತೆರೆದು ಮಂಡಿಯೂರಿದ. ಒಳಗೆ ಇನ್ನೊಂದು ಗಾಜಿನ ತೊಟ್ಟಿ, ಅದರಲ್ಲಿ ದಪ್ಪ ಕೊಳವೆಯ ಹಾಗಿರುವ ಸ್ಕಿಮ್ಮರ್. ನೀರಿಗೆ ಗಾಳಿ ಬೆರೆಸಿ ನೊರೆ ಎಬ್ಬಿಸುವುದು ಅದರ ಕೆಲಸ. ಮೀನಿನ ಹೊಲಸು ನೊರೆಗೆ ಅಂಟಿಕೊಂಡು ಮೇಲೇರಿ ಬಟ್ಟಲಿಗೆ ಬೀಳುತ್ತದೆ. ಆ ದಿನ ಕೊಳವೆಯೊಳಗೆ ಬರೀ ನೀರು ತಿರುಗುತ್ತಿತ್ತು.

ಅವನು ಗಾಳಿಯ ಟ್ಯೂಬಿನ ಬಾಯಲ್ಲಿ ಕಟ್ಟಿದ್ದ ಉಪ್ಪನ್ನು ಬಿಸಿನೀರಲ್ಲಿ ಬಿಡಿಸಿದ. ಬಟ್ಟಲಿನ ಕುತ್ತಿಗೆ ಒರೆಸಿದ. ತೊಟ್ಟಿಯ ನೀರಿನ ಮಟ್ಟ ನೋಡಿದ. ಆಮೇಲೆ ಬೆರಳನ್ನು ನೀರಲ್ಲಿ ಅದ್ದಿ ಮೂಗಿನ ಹತ್ತಿರ ತಂದ.

"ಎಂತ?" ಎಂದಳು ಶ್ರಾವಣಿ.

"ಎಂತ ಇಲ್ಲ. ಎಲ್ಲ ಸರಿ ಉಂಟು. ನಾಳೆಗೆ ತನ್ನಷ್ಟಕ್ಕೆ ನೊರೆ ಬರ್ತದೆ." ಎದ್ದು ನಿಂತು ಕೈ ಒರೆಸಿಕೊಳ್ಳುತ್ತಾ ಹೇಳಿದ, "ಕಿಶೋರನ ನಂಬರಿನಿಂದ ಮೆಸೇಜ್ ಬಂದಾಗ ನನಗೆ ಒಂದು ಗಳಿಗೆ ಉಸಿರು ನಿಂತಿತು."

ಅವಳು ಗಂಡನ ಫೋನಿನಿಂದಲೇ ಅವನ ಅಕ್ವೇರಿಯಂ ಗ್ರೂಪಿಗೆ ಬರೆದಿದ್ದಳು. ಬೇರೆ ದಾರಿ ಗೊತ್ತಿರಲಿಲ್ಲ. "ಸಾರಿ," ಎಂದಳು.

"ಸಾರಿ ಎಂತಕ್ಕೆ? ನನ್ನ ಟ್ಯಾಂಕಿನ ಮೊದಲ ಹವಳ ಅವನೇ ಕೊಟ್ಟದ್ದು."

ನೊರೆ ಮರುದಿನ ಬಂತು. ಸ್ವಲ್ಪ ದಿನ ಕಳೆದು ಮತ್ತೆ ನಿಂತಿತು. ದೀಪೇಶ್ ಮತ್ತೆ ಬಂದ. ಕಂಕನಾಡಿಯ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ಯಂತ್ರಗಳ ಎಂಜಿನಿಯರ್ ಅವನು. ಕೆಲವು ವರ್ಷ ಕತಾರಿನಲ್ಲಿದ್ದು ಬಂದವನು. ಮನೆ ಉರ್ವದಲ್ಲಿ.

"ಡ್ಯೂಟಿಯಲ್ಲಿ ರಕ್ತ ಸೋಸುವ ಮೆಷಿನ್, ಮನೆಗೆ ಬಂದ್ರೆ ಮೀನಿನ ನೀರು ಸೋಸುವ ಮೆಷಿನ್," ಎಂದ ಕಪಾಟಿನೊಳಗಿಂದ. "ನನ್ನ ಅಮ್ಮ ಹೇಳ್ತಾರೆ, ನೀನು ಹುಟ್ಟುವಾಗ ಕೈಯಲ್ಲಿ ಚಾ ಸೋಸುವ ಜಾಲರಿ ಇತ್ತು ಅಂತ."

ಶ್ರಾವಣಿ ಟಾರ್ಚ್ ಹಿಡಿದು ಪಕ್ಕದಲ್ಲಿ ಕುಳಿತಿದ್ದಳು. ಬೆಳಕು ಅವನ ಕತ್ತಿನ ಹಿಂಭಾಗಕ್ಕೆ ಬಿದ್ದಿತ್ತು. ಹೆಲ್ಮೆಟ್ ಒತ್ತಿ ಕೂದಲು ಒಂದೇ ಕಡೆಗೆ ಮಲಗಿತ್ತು. ಬೆವರಿನ ಒಂದು ಹನಿ ಕಾಲರಿನೊಳಗೆ ಇಳಿಯುವುದನ್ನು ಅವಳು ನೋಡುತ್ತಲೇ ಇದ್ದಳು.

"ಟಾರ್ಚ್ ಪಂಪಿಗೆ ಹಿಡೀರಿ ಮೇಡಂ. ನನ್ನ ಕುತ್ತಿಗೆಯಲ್ಲಿ ಎಂತ ರಿಪೇರಿ ಉಂಟು?"

ಅವಳ ಕೈ ಸರಕ್ಕನೆ ಸರಿಯಿತು. ಅವನು ತಿರುಗಲಿಲ್ಲ. ಕಿವಿಯ ಪಕ್ಕದ ಕೆನ್ನೆ ಮಾತ್ರ ನಗುವಿಗೆ ಉಬ್ಬಿದ್ದು ಕಂಡಿತು.

ಹೊರಡುವಾಗ ಅವನು ಟ್ಯಾಂಕಿನ ಮೂಲೆಯ ಹವಳದ ಮುಂದೆ ನಿಂತ. ತೆಳು ಬೆರಳುಗಳ ಪುಟ್ಟ ಪುಟ್ಟ ಕೈಗಳಂಥ ಹವಳ ಅದು. ಹಿಂದೆ ಆ ಕೈಗಳು ದಿನವಿಡೀ ತೆರೆದು ಮುಚ್ಚಿಕೊಳ್ಳುತ್ತಿದ್ದವು. ಕಿಶೋರ ಅದಕ್ಕೆ 'ಮಣ್ಣಗುಡ್ಡ ಚಪ್ಪಾಳೆ ಸಂಘ' ಎಂದು ಹೆಸರಿಟ್ಟಿದ್ದ. ಈಗ ಅವು ಬಿಳಚಿಕೊಂಡು ಸುಮ್ಮನಿದ್ದವು.

"ಇದು ಯಾವಾಗ ನಿಂತದ್ದು?"

"ಅವರು ಹೋದ ಮೇಲೆ."

"ನೀರು ಅತಿಯಾಗಿ ಶುದ್ಧ ಆಗಿದೆ. ಮೊದಲು ಹತ್ತಿಪ್ಪತ್ತು ಮೀನು ಇದ್ದದ್ದು, ಈಗ ಎರಡೇ. ಸ್ಕಿಮ್ಮರ್ ಮಾತ್ರ ಫುಲ್ ಸ್ಪೀಡಿನಲ್ಲಿ ಓಡ್ತಾ ಉಂಟು. ಹವಳಕ್ಕೆ ತಿನ್ಲಿಕ್ಕೆ ಎಂತದ್ದೂ ಉಳೀಲಿಲ್ಲ. ಮೀನಿಗೆ ತಿಂಡಿ ಹಾಕಿದ ಮೇಲೆ ಸ್ವಲ್ಪ ಹೊತ್ತು ಬಂದ್ ಮಾಡಿ. ಕಿಶೋರನೂ ಮಾಡ್ತಿದ್ದ."

"ಅವರು ಬಂದ್ ಮಾಡಿದ್ದನ್ನು ನಾನು ನೋಡ್ಲಿಲ್ಲ," ಎಂದಳು. ಧ್ವನಿ ಬೇಕಾದದ್ದಕ್ಕಿಂತ ಗಡುಸಾಯಿತು. ತನ್ನ ಗಂಡನ ಬಗ್ಗೆ ತನಗೆ ಗೊತ್ತಿಲ್ಲದ್ದು ಇವನಿಗೆ ಗೊತ್ತಿರುವುದೆಂದರೇನು? ದೀಪೇಶ್ ತಲೆಯಾಡಿಸಿ ಹೊರಟುಹೋದ. ಅವಳು ಸ್ಕಿಮ್ಮರ್ ನಿಲ್ಲಿಸಲಿಲ್ಲ.

ನೊರೆ ಏಕೆ ನಿಲ್ಲುತ್ತದೆ ಎಂಬುದು ಅವಳಿಗೆ ಹೊಳೆದದ್ದು ತರಗತಿಯಲ್ಲಿ. ಸೋಪಿನ ನೊರೆಗೆ ಒಂದು ಹನಿ ಎಣ್ಣೆ ಬಿದ್ದರೆ ಗುಳ್ಳೆಯ ಪೊರೆ ಒಡೆಯುತ್ತದೆ ಎಂದು ಬೋರ್ಡಿನಲ್ಲಿ ಚಿತ್ರ ಬರೆಯುತ್ತಿದ್ದವಳು ಸೀಮೆಸುಣ್ಣ ಹಿಡಿದಲ್ಲೇ ನಿಂತಳು.

ತೆಂಗಿನೆಣ್ಣೆ.

ಕಿಶೋರ ಹೋದ ಮೇಲೆ ಅವಳು ತಲೆಗೆ ಎಣ್ಣೆ ಹಾಕುವುದನ್ನು ಬಿಟ್ಟಿದ್ದಳು. ಈಚೆಗೆ ಒಂದು ಭಾನುವಾರ ಅತ್ತೆ ಅವಳನ್ನು ಎಳೆದು ಕೂರಿಸಿ, "ತಲೆ ನೋಡು, ಒಳ್ಳೇ ಕಾಯಿಯ ಸಿಪ್ಪೆಯ ಹಾಗೆ ಆಗಿದೆ," ಎಂದು ಬೈಯುತ್ತಾ ಬಿಸಿ ಎಣ್ಣೆ ಒತ್ತಿದ್ದರು. ಎಣ್ಣೆ ತಲೆಯಲ್ಲಿ ನೆನೆಯುವಷ್ಟು ಹೊತ್ತು ಶ್ರಾವಣಿ ಮೀನಿಗೆ ತಿಂಡಿ ಹಾಕಿದ್ದಳು, ಗಾಜು ಒರೆಸಿದ್ದಳು, ಬರಿಗೈಯನ್ನು ನೀರಿಗೆ ಅದ್ದಿದ್ದಳು. ಆಮೇಲಿನ ಭಾನುವಾರಗಳಲ್ಲೂ ಹಾಗೆಯೇ.

ಈಗ ಕಾರಣ ಗೊತ್ತಾಯಿತು. ಕೈ ತೊಳೆದು ಟ್ಯಾಂಕಿಗೆ ಹಾಕಿದರೆ ಆಯಿತು. ದೀಪೇಶನಿಗೆ ಒಂದು ಮೆಸೇಜ್ ಕಳಿಸಿದರೆ ಆಯಿತು: ಸಿಕ್ಕಿತು, ಇನ್ನು ನೀವು ಬರಬೇಕಾಗಿಲ್ಲ.

ಕಳಿಸಲಿಲ್ಲ. ಮುಂದಿನ ಭಾನುವಾರ ಎಣ್ಣೆಕೈಯಲ್ಲಿ ಟ್ಯಾಂಕಿನ ಮುಂದೆ ನಿಂತಳು. ಟವೆಲ್ ಅಲ್ಲೇ ಕುರ್ಚಿಯ ಬೆನ್ನಿನ ಮೇಲಿತ್ತು. ಒರೆಸಬಹುದಿತ್ತು. ಒರೆಸಲಿಲ್ಲ. ಬೆರಳು ಮುಳುಗಿದ ಜಾಗದಿಂದ ಕಾಮನಬಿಲ್ಲಿನ ಬಣ್ಣದ ತೆಳು ಪೊರೆಯೊಂದು ನೀರಿನ ಮೇಲೆ ಸದ್ದಿಲ್ಲದೆ ಹರಡಿತು. ಕೇಸರಿ ಮೀನು ತಿಂಡಿಯೆಂದು ತಿಳಿದು ಮೇಲೆ ಬಂದು, ಅವಳ ಬೆರಳಿಗೆ ಮೂತಿ ತಾಗಿಸಿ, ಹಿಂದಿರುಗಿತು.

ಆ ಸಂಜೆ ದೀಪೇಶ್ ಬರುವನೆಂದು ಅವಳು ಹಸಿರು ಕುರ್ತಾ ಹಾಕಿದ್ದಳು. ಅವನು ಬೆಲ್ ಒತ್ತುವ ಮೊದಲು ಒಳಗೆ ಹೋಗಿ, ಅದನ್ನು ತೆಗೆದು, ಮೊದಲಿನ ಮಾಸಿದ್ದನ್ನೇ ಹಾಕಿಕೊಂಡು ಬಂದಳು. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲಾಗಲಿಲ್ಲ. ಒಂದು ವರ್ಷ ಏನೂ ಅನ್ನಿಸದ ಎದೆಗೆ ಮೊದಲು ಅನ್ನಿಸಿದ್ದು ಇದಾ? ಅಳುವಾದರೂ ಬರಬಾರದಿತ್ತೇ?

ಹೀಗೆ ಅವನು ಬಂದ, ಹೋದ. ಪ್ರತಿ ಸಲವೂ ನೀರಜಾಕ್ಷಿ ಚಾ ಕೊಟ್ಟರು. "ಈ ಮೆಷಿನ್ ಒಳ್ಳೇದಲ್ಲ ಕಾಣ್ತದೆ. ಬೇರೆ ತರ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದರು.

"ಮೆಷಿನ್ ಒಳ್ಳೇದೇ ಅಮ್ಮ," ಎಂದ ದೀಪೇಶ್, ಚಾದ ಗ್ಲಾಸನ್ನೇ ನೋಡುತ್ತಾ. "ಅದರದ್ದು ಎಂತ ತಪ್ಪಿಲ್ಲ."

ಶ್ರಾವಣಿ ತನ್ನ ಗ್ಲಾಸನ್ನು ಅರ್ಧಕ್ಕೇ ಕೆಳಗಿಟ್ಟಳು.

ಆಮೇಲೆ ಆಸ್ಪತ್ರೆಗೆ ಹೊಸ ಯಂತ್ರಗಳು ಬಂದು ಅವನಿಗೆ ಪುರುಸೊತ್ತಿಲ್ಲದಾಯಿತು. ನೊರೆ ನಿಂತರೂ, "ನಾಳೆಗೆ ಸರಿಯಾಗ್ತದೆ, ನೋಡಿ," ಎಂದು ಫೋನಿನಲ್ಲೇ ಹೇಳಿದ. ಮರುದಿನ ಅದು ಸರಿಯಾಗಿಯೇ ಬಿಟ್ಟಿತು. ಶ್ರಾವಣಿಗೆ ಆ ನೊರೆಯ ಮೇಲೆ ಸಿಟ್ಟು ಬಂತು.

ಅದರ ಮರು ಭಾನುವಾರ ಅವಳು ಮೊಣಕೈವರೆಗೆ ಎಣ್ಣೆ ಇಳಿದಿದ್ದ ಎರಡೂ ಕೈಗಳನ್ನು ಟ್ಯಾಂಕಿನೊಳಗೆ ಇಳಿಸಿದಳು. ಕಲ್ಲುಗಳನ್ನು ಸರಿಪಡಿಸುವ ನೆಪ. ನೀರು ಕದಡಬಾರದೆಂದು ಪಂಪುಗಳನ್ನು ನಿಲ್ಲಿಸಿದ್ದಳು. ನಾಳೆ ಏನೆಂದು ಬರೆಯಲಿ, ಯಾವ ಕುರ್ತಾ ಹಾಕಲಿ ಎಂದು ಎಣಿಸುತ್ತಾ ಸ್ನಾನಕ್ಕೆ ಹೋದವಳು ಪಂಪಿನ ಸ್ವಿಚ್ ಹಾಕಲು ಮರೆತಳು.

ಬೆಳಿಗ್ಗೆ ನೀರಜಾಕ್ಷಿ ಕೂಗಿದರು. "ಶ್ರಾವಣೀ, ಮೀನು ಎಂತ ಹೀಗೆ ಮಾಡ್ತದೆ?"

ಎರಡೂ ಕೇಸರಿ ಮೀನುಗಳು ಮೇಲ್ಮೈಗೆ ಬಾಯಿ ಹಚ್ಚಿ ಗಾಳಿಗೆ ಬಾಯಿಬಿಡುತ್ತಿದ್ದವು. ಯಂತ್ರಗಳ ಸದ್ದೇ ಇಲ್ಲ. ಅಲುಗದ ನೀರಿನ ಮೇಲೆ ಎಣ್ಣೆಯ ಪೊರೆ ಹಾಸಿಕೊಂಡಿತ್ತು. ದೊಡ್ಡದು, ಕಿಶೋರ ಮೊಟ್ಟಮೊದಲು ತಂದದ್ದು, ಒಂದು ಬದಿಗೆ ವಾಲಿತ್ತು.

ಅವಳು ಸ್ವಿಚ್ ಹಾಕಿದಳು. ಫೋನ್ ಎತ್ತಿ, "ಸಾಯ್ತಾ ಉಂಟು. ಬನ್ನಿ," ಎಂದಷ್ಟೇ ಹೇಳಿದಳು.

ದೀಪೇಶ್ ಆಸ್ಪತ್ರೆಯ ಗುರುತಿನ ಚೀಟಿ ಕೊರಳಲ್ಲಿ ನೇತಾಡುತ್ತಿದ್ದಂತೆಯೇ ಬಂದ. ಒಮ್ಮೆ ನೋಡಿದ. "ಟಿಶ್ಯೂ ಪೇಪರ್ ಉಂಟಾ?"

ನೀರಜಾಕ್ಷಿ ಹಪ್ಪಳ ಕರಿದು ಹರಡುವ ಟಿಶ್ಯೂ ರೋಲನ್ನು ತಂದುಕೊಟ್ಟು, ನೋಡಲಾರದೆ ದೇವರ ಕೋಣೆಗೆ ಹೋದರು. ದೀಪೇಶ್ ಒಂದು ಹಾಳೆ ಹರಿದು ನೀರಿನ ಮೇಲೆ ಹಾಸಿ, ಎಣ್ಣೆ ಹೀರಿಕೊಂಡೊಡನೆ ಅಂಚು ಹಿಡಿದು ಎತ್ತಿದ. ಶ್ರಾವಣಿ ಎದುರು ಬದಿಯಿಂದ ಹಾಗೆಯೇ ಮಾಡಿದಳು. ಅವನು ಪಂಪಿನ ಬಾಯಿಯನ್ನು ಮೇಲಕ್ಕೆ ತಿರುಗಿಸಿದ. ನೀರಿನ ಮೇಲ್ಮೈ ಒಡೆದು ಅಲೆ ಎದ್ದಿತು. ಹಾಳೆ ಹಾಸುವುದು, ಎತ್ತುವುದು. ಬಹಳ ಹೊತ್ತಿನ ಮೇಲೆ ದೊಡ್ಡ ಮೀನು ನೆಟ್ಟಗಾಗಿ, ಬಾಲ ಕೊಡವಿ, ಕಲ್ಲಿನ ಕಡೆಗೆ ಇಳಿಯಿತು.

"ಬದುಕ್ತದೆ," ಎಂದ.

"ನಾನೇ ಮಾಡಿದ್ದು," ಎಂದಳು ಶ್ರಾವಣಿ. "ಎಣ್ಣೆ. ಗೊತ್ತಿದ್ದೂ ಮಾಡಿದ್ದು. ನೊರೆ ನಿಂತರೆ ನೀವು ಬರ್ತೀರಿ ಅಂತ. ಅವರು ಪ್ರಾಣ ಕೊಟ್ಟು ಸಾಕಿದ್ದನ್ನು ನಾನು..." ಒದ್ದೆ ಟಿಶ್ಯೂ ಮುಷ್ಟಿಯೊಳಗೆ ಉಂಡೆಯಾಯಿತು.

ದೀಪೇಶ್ ಅವಳನ್ನು ನೋಡಲಿಲ್ಲ. "ಗೊತ್ತಿತ್ತು."

"ಎಂತ?"

"ಮೊದಲ ದಿನವೇ. ಬೆರಳಲ್ಲಿ ತೆಂಗಿನೆಣ್ಣೆಯ ವಾಸನೆ ಬಂತು. ಕೈ ತೊಳೆದು ಹಾಕಿ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಹೇಳಿದ್ರೆ ನೀವು ಮತ್ತೆ ಕರೀಲಿಕ್ಕಿಲ್ಲ ಅಂತ ಸುಮ್ಮನಾದೆ."

ಅವಳಿಗೆ ಸಂತೋಷವಾಗಬೇಕಿತ್ತು. ಬಂದದ್ದು ಕೋಪ. "ಇಷ್ಟು ದಿನ ನನ್ನೊಬ್ಬಳದ್ದೇ ತಪ್ಪು ಅಂತ ಒಳಗೊಳಗೇ ಬೇಯ್ತಾ ಇದ್ದೆ ನಾನು! ನೀವು ಅವರ ಫ್ರೆಂಡ್ ಅಲ್ವಾ? ಈ ಮೀನು ಸತ್ತಿದ್ರೆ?"

"ಅದೇ. ದಾರಿಯುದ್ದಕ್ಕೂ ಅದೇ." ಅವನ ಧ್ವನಿ ತಗ್ಗಿತು. "ನೀವು ಕರೆದಾಗೆಲ್ಲ ನನ್ನ ಫೋನಿನಲ್ಲಿ ಬರುವುದು ಅವನ ಹೆಸರು. ಅವನ ಫೋಟೋ. ಅದನ್ನು ನೋಡಿಯೇ ನಾನು ಎತ್ತಬೇಕು, ಎತ್ತಿ ನಿಮ್ಮ ಸ್ವರ ಕೇಳಬೇಕು. ನನಗೆ ಎಷ್ಟು ಕುಶಿ ಆಗ್ತದೆ ಗೊತ್ತುಂಟಾ ನಿಮಗೆ? ಆ ಕುಶಿ ಇಟ್ಟುಕೊಂಡು ಅವನ ಮುಖ ನೋಡ್ಲಿಕ್ಕಾಗುದಿಲ್ಲ ನನಗೆ."

ಟ್ಯಾಂಕಿನ ನೀಲಿ ಬೆಳಕು ಅವನ ಒದ್ದೆ ಕೈಗಳ ಮೇಲೆ ಅಲುಗುತ್ತಿತ್ತು. ಅವಳ ಕೈಗಳ ಮೇಲೂ. ನಡುವೆ ಗೇಣಿನಷ್ಟೇ ದೂರ. ಆ ದೂರವನ್ನು ಯಾರೂ ದಾಟಲಿಲ್ಲ.

"ಫಿಲ್ಟರ್ ನೋಡ್ಲಿಕ್ಕೆ ನಾನು ಇನ್ನು ಬರುವುದಿಲ್ಲ, ಶ್ರಾವಣಿ," ಎಂದ. ಮೇಡಂ ಎನ್ನಲಿಲ್ಲ. "ಅದು ನಿಮಗೇ ಬರ್ತದೆ. ಫುಲ್ ಸ್ಪೀಡ್ ಬೇಡ, ತಿಂಡಿ ಹಾಕುವಾಗ ಬಂದ್ ಮಾಡಿ, ಬಟ್ಟಲಿನ ಕುತ್ತಿಗೆ ಒರೆಸ್ತಾ ಇರಿ, ಅಷ್ಟೇ. ಕರೆಯುವುದಾದ್ರೆ ಫಿಲ್ಟರಿಗಲ್ಲ, ನನ್ನನ್ನು ಕರೀರಿ. ಅಮ್ಮನಿಗೆ ಹೇಳಿ ಕರೀರಿ. ಆಗದಿದ್ರೆ ಬೇಡ. ನನಗೆ ಬೇಜಾರಿಲ್ಲ ಅಂತ ಸುಳ್ಳು ಹೇಳುವುದಿಲ್ಲ."

ಅವನು ಹೋದ ಮೇಲೆ ಅವಳು ಸ್ಕಿಮ್ಮರಿನ ವೇಗ ಇಳಿಸಿದಳು. ಮೊದಲ ಬಾರಿಗೆ ಅದನ್ನು ಸ್ವಲ್ಪ ಹೊತ್ತು ನಿಲ್ಲಿಸಿಯೂ ನೋಡಿದಳು. ಹಾಲಿನಲ್ಲಿ ಆ ಸದ್ದು ನಿಂತಾಗ ಕಿಶೋರನ ಮನೆಯಲ್ಲಿ ತಾನೇ ದೀಪ ಆರಿಸಿದಂತೆನಿಸಿತು. ಆದರೂ ದಿನವೂ ಮಾಡಿದಳು. ಕೈ ತೊಳೆದಳು. ನೊರೆ ಚಹಾದ ಬಣ್ಣಕ್ಕೆ ತಿರುಗಿ, ನಿಧಾನಕ್ಕೆ, ದಪ್ಪಗೆ ಏರತೊಡಗಿತು. ಕರೆಯಲು ಯಾವ ಕಾರಣವೂ ಉಳಿಯಲಿಲ್ಲ.

ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟವಳು ಟ್ಯಾಂಕಿನ ಮುಂದೆ ನಿಂತಳು. ಮೂಲೆಯಲ್ಲಿ ಒಂದು ಪುಟ್ಟ ಕೈ ಮುಚ್ಚಿಕೊಂಡಿತು. ತೆರೆಯಿತು. ಪಕ್ಕದ್ದು ಮುಚ್ಚಿಕೊಂಡಿತು.

ಯಾರಿಗಾದರೂ ಹೇಳಬೇಕು! ಎದೆ ಹಾರಿತು. ಹಾರಿದ ಎದೆಯೊಳಗೆ ಮೂಡಿದ ಮುಖ ಕಿಶೋರನದ್ದಾಗಿರಲಿಲ್ಲ.

ಅವಳು ಚೀಲ ಹಿಡಿದುಕೊಂಡೇ ಸೋಫಾದಲ್ಲಿ ಕುಸಿದಳು. ಆಗ ಬಂತು ಅಳು. ವರ್ಷವಿಡೀ ಬಾರದ್ದು, ತಡೆಯಿಲ್ಲದೆ, ಕಿಶೋರನಿಗಾಗಿ. ಅವನ ಚಪ್ಪಾಳೆ ಸಂಘ ಮತ್ತೆ ಶುರುವಾದದ್ದನ್ನು ಅವನು ನೋಡಲಾರನೆಂದು. ನೋಡಿದ ಸುದ್ದಿಯನ್ನು ತಾನು ಇನ್ನೊಬ್ಬನಿಗೆ ಹೇಳಬಯಸಿದೆನೆಂದು.

ನೀರಜಾಕ್ಷಿ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕುಳಿತರು. ಶ್ರಾವಣಿ ಮುಖ ಒರೆಸಿಕೊಳ್ಳದೆಯೇ ಎಲ್ಲವನ್ನೂ ಹೇಳಿದಳು. ಎಣ್ಣೆಯನ್ನೂ ಬಿಡಲಿಲ್ಲ.

ಅತ್ತೆ ಎದ್ದು ಒಳಗೆ ಹೋದರು. ಪಾತ್ರೆಯೊಂದು ಬಿದ್ದ ಸದ್ದು ಕೇಳಿಸಿತು. ಮತ್ತೆ ಬಂದು ನಿಂತರು. ಕಣ್ಣು ಕೆಂಪಾಗಿತ್ತು.

"ಅವರು ಮೀನು ತಿನ್ನುವವರಲ್ವಾ?"

"ಹೌದು ಅತ್ತೆ."

"ನಾವು ಸಾಕುದು, ಅವರು ತಿನ್ನುದು. ಒಳ್ಳೇ ಜೋಡಿ!" ನಗಲು ನೋಡಿದರು, ಆಗಲಿಲ್ಲ. "ನನಗೆ ಸಂತೋಷ ಆಗ್ತದೆ ಅಂತ ಎಣಿಸ್ಬೇಡ ಶ್ರಾವಣಿ. ಆಗುದಿಲ್ಲ. ಅವನು ನನ್ನ ಮಗ. ಹೊಟ್ಟೆ ಉರೀತದೆ ನನಗೆ."

"ಕರೆಯುದಿಲ್ಲ ಅತ್ತೆ. ನೀವು ಬೇಡ ಅಂದ್ರೆ..."

"ಬೇಡ ಅಂತ ಯಾರು ಹೇಳಿದ್ದು? ಹೊಟ್ಟೆ ಉರೀತದೆ ಅಂತ ಹೇಳಿದೆ ಅಷ್ಟೆ. ಅದು ನನ್ನ ಹೊಟ್ಟೆ, ನಾನು ನೋಡಿಕೊಳ್ತೇನೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಕಿಶೋರನ ಅಪ್ಪ ಹೋಗುವಾಗ ನನಗೆ ನಿನ್ನಷ್ಟೇ ಪ್ರಾಯ. ಯಾರೂ ನನ್ನ ಹತ್ತಿರ ಎಂತದ್ದೂ ಕೇಳ್ಲಿಲ್ಲ. ನೀನು ಕರೆ. ಹಗಲು ಹೊತ್ತಿನಲ್ಲಿ ಕರೆ, ನಾನು ಮನೆಯಲ್ಲಿರುವಾಗ. ಫಿಲ್ಟರ್ ಹಾಳಾಯ್ತು, ಮೀನು ಸತ್ತಿತು ಅಂತೆಲ್ಲ ಬೇಡ. ಸುಳ್ಳು ಹೇಳಿ ಕರೆದವರಿಗೆ ಚಾ ಮಾಡ್ಲಿಕ್ಕೆ ನನಗಾಗುದಿಲ್ಲ."

ಶನಿವಾರ ಸಂಜೆ ಬಿಸಿಲು ಇರುವಾಗಲೇ ಬೆಲ್ ಆಯಿತು. ಇಬ್ಬರ ಮನೆಮಾತೂ ತುಳುವೇ. ಆದರೆ ಅವಳದ್ದು ಅರ್ಚಕರ ಮನೆಯ ತುಳು, ಅವನದ್ದು ಗದ್ದೆ ಉಳುವವರ ಮನೆಯ ತುಳು. ಬಾಯಿಬಿಟ್ಟರೆ ಎರಡು ಮನೆಗಳ ನಡುವಿನ ದೂರವೇ ಮೊದಲು ಕೇಳಿಸುವುದೆಂದು ಇಷ್ಟು ಕಾಲವೂ ಕನ್ನಡದ ಮರೆಯಲ್ಲಿ ನಿಂತು ಮಾತಾಡಿದ್ದರು.

ಬಾಗಿಲಾಚೆ ದೀಪೇಶ್ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದ. ಶ್ರಾವಣಿಗೆ ಏನೋ ತಪ್ಪು ಮಾಡುತ್ತಿರುವಂತೆಯೇ ಅನ್ನಿಸುತ್ತಿತ್ತು. ಅದು ಇವತ್ತು ಹೋಗದು, ನಾಳೆಯೂ ಹೋಗಲಿಕ್ಕಿಲ್ಲ. ಅವಳು ಬಾಗಿಲನ್ನು ಪೂರ್ತಿ ತೆರೆದಳು.

"ಬಲೆ," ಎಂದಳು. ಒಳಗೆ ಬನ್ನಿ ಎಂದು ತನ್ನ ಮನೆಯ ತುಳುವಿನಲ್ಲೇ ಕರೆದಳು, ಅತ್ತೆಗೂ ಕೇಳಿಸುವ ಹಾಗೆ. "ಉಳಾಯಿ ಬಲೆ."